ನೀರು ಬಿಡದ ವೀಸ

ನನ್ನ ಬಾಯಿ ಸ್ವಲ್ಪ ಜೋರು. ಚಾಮರಾಜನಗರದಲ್ಲಿ ಹೆಂಗಸೊಬ್ಬಳು ಹದಿನಾಲ್ಕು ವರ್ಷ ಟ್ರಾವೆಲ್ಸ್ ನಡೆಸಬೇಕಾದರೆ ಬಾಯಿ ಜೋರಿರಲೇಬೇಕು. ಇಲ್ಲದಿದ್ದರೆ ಕಾಶಿಗೆ ಹೋಗಿಬಂದವರು ಗಂಗೆ ತಣ್ಣಗಿತ್ತು ಅಂತ ದುಡ್ಡು ವಾಪಸ್ ಕೇಳುತ್ತಾರೆ. ಇದನ್ನು ಮೊದಲೇ ಯಾಕೆ ಹೇಳುತ್ತೇನೆಂದರೆ, ಮುಂದಿನದನ್ನು ಓದಿ ಈ ಸುಧಾಮಣಿ ಪುಕ್ಕಲಿ ಅಂತ ಯಾರೂ ಅಂದುಕೊಳ್ಳಬಾರದು. ದೆವ್ವ, ಗಾಳಿ, ಯಂತ್ರ, ತಾಯಿತ ಇವನ್ನೆಲ್ಲ ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆ ಅಂತ ಹೇಳಲಾರೆ, ಆದರೆ ನೀರು ತುಂಬಿಟ್ಟ ಪಾತ್ರೆಗೆ ಬೆನ್ನು ಹಾಕಲು ಹೆದರುತ್ತೇನೆ.

ಹರದನಹಳ್ಳಿಯ ಪುಟ್ಟಮಾದು ನನ್ನ ಆಫೀಸಿಗೆ ಬಂದದ್ದು ಹೋದ ವರ್ಷ ಜೂನ್ ತಿಂಗಳಲ್ಲಿ. ಅರವತ್ತರ ಆಸುಪಾಸಿನ ಮನುಷ್ಯ, ಅಗಲ ಎದೆ, ಒಗೆದು ಮಡಿಸಿದ ಪಂಚೆ. ಜೊತೆಗೆ ತಮ್ಮನ ಮಗಳು ಭವ್ಯ ಇದ್ದಳು. ಡಿಗ್ರಿ ಮುಗಿಸಿ ಇಲ್ಲೇ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಪುಟ್ಟಮಾದು ಅಂದರೆ ಸುತ್ತ ಇಪ್ಪತ್ತು ಹಳ್ಳಿಗೆ ಗೊತ್ತು. ಬಾವಿಗೆ ಕೊಡ ಬಿದ್ದರೂ ಮುಳುಗಿ ಎತ್ತಲು ಅವರೇ, ಮೋಟಾರು ಬಿದ್ದರೂ ಅವರೇ, ಮನುಷ್ಯರು ಬಿದ್ದರೂ ಅವರೇ. ಪೊಲೀಸಿನವರು ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಕುರ್ಚಿಯ ತುದಿಯಲ್ಲಿ ಕೂತು, ಟೀ ಬೇಡ, ನೀರು ಸಾಕು ಅಂದರು. ನಮ್ಮಪ್ಪನ ಕಾಲದಲ್ಲಿ ಅವರಿಗೆ ಲೋಟ ಬೇರೆ ಇರುತ್ತಿತ್ತು, ಮಾತೂ ಏಕವಚನದಲ್ಲೇ. ನಾನು ಕುಡಿಯುವ ಸ್ಟೀಲ್ ಲೋಟದಲ್ಲೇ ಕೊಟ್ಟೆ. ಇದನ್ನು ದೊಡ್ಡತನ ಅಂತ ಹೇಳಿಕೊಳ್ಳುತ್ತಿಲ್ಲ, ಆಫೀಸಿನಲ್ಲಿ ಇದ್ದದ್ದೇ ಎರಡು ಲೋಟ.

"ಮಾಲ್ಡೀವ್ಸ್‌ಗೆ ಓಗ್ಬೇಕು ಅಮ್ಮಾವ್ರೆ," ಅಂದರು.

ನಗು ಬಂತು. ಆ ದ್ವೀಪಗಳಿಗೆ ನಾನು ಕಳಿಸುವುದು ಹೊಸದಾಗಿ ಮದುವೆಯಾದವರನ್ನು. ಅಷ್ಟರಲ್ಲಿ ಭವ್ಯ ಫೋನಿನಲ್ಲಿ ಒಂದು ಫೋಟೊ ತೋರಿಸಿದಳು. ಕಪ್ಪು ರಬ್ಬರ್ ಬಟ್ಟೆ ತೊಟ್ಟು ದೋಣಿಯ ಅಂಚಿನಲ್ಲಿ ಕೂತ ಹುಡುಗ, ಅವಳ ಅಣ್ಣ ಶಂಕರ್. ಪ್ರವಾಸಿಗಳನ್ನು ಸಮುದ್ರದ ತಳಕ್ಕೆ ಕರೆದೊಯ್ದು ತೋರಿಸುವ ಕಂಪನಿಯೊಂದರಲ್ಲಿ ದೋಣಿ ತೊಳೆಯುವ, ಸಿಲಿಂಡರಿಗೆ ಗಾಳಿ ತುಂಬುವ ಕೆಲಸಕ್ಕಿದ್ದ. ಫೆಬ್ರವರಿಯಲ್ಲಿ ಒಂದು ದಿನ ದೋಣಿಯ ಲಂಗರು ಬಂಡೆಗೆ ಸಿಕ್ಕಿಕೊಂಡಿತು. ಬಿಡಿಸಿ ಬರುತ್ತೇನೆ ಅಂತ ಇಳಿದವನು ಮೇಲೆ ಬರಲಿಲ್ಲ. ನಾಲ್ಕು ದಿನ ಹುಡುಕಿ ಬಿಟ್ಟರು. ಸಂಬಳದ ಬಾಕಿ, ಬಟ್ಟೆ, ಫೋನು ಊರಿಗೆ ಬಂದವು.

"ನಾನೇ ಕಲಿಸ್ದೆ ಅವ್ನಿಗೆ ಮುಳುಗೋದ," ಅಂದರು ಪುಟ್ಟಮಾದು. "ಅರವತ್ಮೂರು ಎಣ ಎತ್ತಿವ್ನಿ ಅಮ್ಮಾವ್ರೆ. ಊರೋರ್ ಮಕ್ಕಳ್ನೆಲ್ಲ ಮಣ್ಗೆ ಕೊಟ್ಟೆ. ನಮ್ ಮಗೀನ ನೀರಲ್ಲಿ ಬುಟ್ಟು ಎಂಗೆ ಕುಂತ್ಕಳನ? ಒಂದ್ ಮೂಳೆನಾದ್ರೂ ತಂದು ಮಣ್ಣು ಮಾಡ್ಬೇಕು."

ಆಮೇಲೆ ನಾನು ನಗಲಿಲ್ಲ. ಆ ಕಂಪನಿಗೆ ಮೇಲ್ ಕಳಿಸಿದೆ, ಎರಡು ದಿನಕ್ಕೆ ಉತ್ತರ ಬಂತು. ನವೆಂಬರ್ ಕಳೆಯಲಿ, ಆಗ ಸಮುದ್ರ ತಿಳಿಯಾಗಿರುತ್ತದೆ. ಆ ಬಂಡೆಸಾಲಿನವರೆಗೆ ಪ್ರತ್ಯೇಕ ದೋಣಿ, ಹೊಸಬರನ್ನು ಹಿಡಿದುಕೊಂಡೇ ಇಳಿಸುವ ಗೈಡ್, ಊಟ, ವಸತಿ, ವಿಮಾನ, ಎಲ್ಲ ಸೇರಿ ಇಬ್ಬರಿಗೆ ಎರಡು ಸಾವಿರದ ನಾನೂರು ಡಾಲರ್. ಅದರಲ್ಲಿ ಒಂದೊಂದು ಸಲ ನೀರಿಗಿಳಿಯುವುದಕ್ಕೆ ನೂರೈವತ್ತು. ಡಾಲರ್ ಆವತ್ತು ಎಂಬತ್ತೈದೂವರೆ ರೂಪಾಯಿ. ಎರಡು ಲಕ್ಷದ ಐದು ಸಾವಿರದ ಇನ್ನೂರಾಯಿತು. ನನ್ನ ಕಮಿಷನ್ ನಾಲ್ಕು ಸಾವಿರದ ಎಂಟುನೂರು ಸೇರಿಸಿದೆ.

ಬೇರೆ ಗಿರಾಕಿಗಳಿಗೆ ನಾನು ಬೆಲೆಯನ್ನು ಡಾಲರಿನಲ್ಲೇ ಹೇಳುತ್ತೇನೆ. ಕಟ್ಟುವ ದಿನ ರೇಟು ಎಷ್ಟಿರುತ್ತೋ ಅಷ್ಟು ರೂಪಾಯಿ ಅಂತ ಮೊದಲೇ ಬರೆದು ಸಹಿ ಹಾಕಿಸುತ್ತೇನೆ. ಪುಟ್ಟಮಾದುಗೆ ಮಾತ್ರ ರೂಪಾಯಿಯಲ್ಲಿ ಹೇಳಿದೆ. ಡಾಲರ್ ಅಂದರೆ ಇವರಿಗೇನು ತಿಳಿಯುತ್ತೆ ಅನ್ನುವ ಕೊಬ್ಬು ನನಗೆ. ತಪ್ಪು ಅಲ್ಲಿಂದಲೇ ಶುರುವಾಯಿತು.

"ಎಲ್ಡು ಸಲ ಇಳಿಸ್ತಾರೆ ತಾನೆ?" ಅಂತ ಕೇಳಿದರು.

"ಎರಡು ಸಲ."

"ಎಲ್ಡು ಬೇಕೇ ಬೇಕು. ಮೊದ್ಲು ಸಲ ಕರೆಯಕ್ಕೆ, ಎಲ್ಡ್ನೇ ಸಲ ತರಕ್ಕೆ. ಒಂದೇ ಸಲಕ್ಕೆ ಯಾರೂ ಬರಕಿಲ್ಲ."

ನಾನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರು ನೀರಿನ ಲೋಟವನ್ನು ನನ್ನ ಕಡೆ ತಳ್ಳಿದರು. ಬಾವಿಗೆ ಇಳಿಯುವ ಮುಂಚೆ ಕೂಲಿ ಎಷ್ಟು ಅಂತ ನೀರಿನ ಮುಂದೆ ಗಟ್ಟಿಯಾಗಿ ಹೇಳಬೇಕಂತೆ. ಆಮೇಲೆ ಯಾರೂ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಅಲ್ಲಿ ಬಾವಿ ಇಲ್ಲವಲ್ಲ, ಅದಕ್ಕೆ ಲೋಟ.

"ಕಳೆದರೆ ಏನಾಗುತ್ತೆ?" ಅಂತ ತಮಾಷೆಗೆ ಕೇಳಿದೆ.

"ಚಿಕ್ಕಮಲ್ಲಪ್ಪಾರು ಅಂತ ಒಬ್ರು ಗೌಡ್ರು. ಸೊಸೆ ಎಣ ಎತ್ತಕ್ಕೆ ಸಾವ್ರ ಅಂದ್ರು, ಆಮೇಲೆ ಒಂಬೈನೂರು ಕೊಟ್ರು. ಆ ಬಾವಿ ಇವತ್ಗೂ ತುಂಬ್ನಿಲ್ಲ. ಕೆರೆ ಕೋಡಿ ಬಿದ್ದ ವರ್ಸನೂ ನೀರು ಅಷ್ಟು ಕಮ್ಮೀನೆ ನಿಂತದೆ. ನೀರು ಒಂದ್ ವೀಸನೂ ಬುಡಕಿಲ್ಲ ಅಮ್ಮಾವ್ರೆ."

"ವೀಸಾ ಯೋಚನೆ ಬಿಡಿ," ಅಂದೆ ನಾನು. "ಆ ದೇಶಕ್ಕೆ ಮುಂಚೆ ಬೇಕಾಗಿಲ್ಲ. ಇಳಿದ ಮೇಲೆ ಅಲ್ಲೇ ಕೊಡ್ತಾರೆ."

"ಇಳ್ದ ಮ್ಯಾಲೆ ಕೊಡ್ತಾರಾ," ಅಂತ ಪುಟ್ಟಮಾದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಲೋಟಕ್ಕೆ ಮುಖ ಕೊಟ್ಟು, ಎರಡು ಲಕ್ಷದ ಹತ್ತು ಸಾವಿರ, ಇಬ್ಬರಿಗೆ, ಎರಡು ಸಲ ಇಳಿಯೋದು, ಅಂದೆ. ಪುಟ್ಟಮಾದು ಆ ನೀರನ್ನು ಒಂದೇ ಉಸಿರಿಗೆ ಕುಡಿದು ಎದ್ದರು.

ದುಡ್ಡು ಕೂಡಿಬಂದ ಬಗೆ ಹೇಳುತ್ತೇನೆ ಕೇಳಿ. ಸಾಲ ಮಾಡಲಿಲ್ಲ. ಅವರು ಹೆಣ ಎತ್ತಿಕೊಟ್ಟ ಮನೆಗಳೇ ಕೊಟ್ಟವು. ಒಬ್ಬರು ಐದು ಸಾವಿರ, ಒಬ್ಬರು ಇನ್ನೂರು. ಗುರುಸಿದ್ದಯ್ಯ ಅನ್ನುವವರು ಮಗಳು ಸತ್ತು ಇಪ್ಪತ್ತೆರಡು ವರ್ಷವಾದ ಮೇಲೆ ಮನೆ ಹುಡುಕಿಕೊಂಡು ಬಂದು ಹತ್ತು ಸಾವಿರ ಇಟ್ಟು ಹೋದರಂತೆ. ಡಿಸೆಂಬರ್ ಮೊದಲ ವಾರ ಪೂರ್ತಿ ಎರಡು ಲಕ್ಷದ ಹತ್ತು ಸಾವಿರ ಬಟ್ಟೆಯ ಚೀಲದಲ್ಲಿ ನನ್ನ ಮೇಜಿನ ಮೇಲಿತ್ತು.

ಅಷ್ಟರಲ್ಲಿ ರೂಪಾಯಿ ಮುಗ್ಗರಿಸಿತ್ತು. ಪ್ರತಿ ಗುರುವಾರ ನಾನು ಗುಂಡ್ಲುಪೇಟೆಗೆ ಹೋಗುತ್ತೇನೆ. ಅಲ್ಲಿ ಕೇರಳದ ಬತ್ತೇರಿಯಿಂದ ಬಂದ ಕೋಯಾಕ್ಕ, ಅಂದರೆ ಕೋಯಾ ಅಣ್ಣ, ಅನ್ನುವವರದ್ದು ವಿದೇಶದ ಹಣ ಬದಲಾಯಿಸುವ ಅಂಗಡಿ. ನನ್ನ ವಿದೇಶದ ಗಿರಾಕಿಗಳ ಲೆಕ್ಕವೆಲ್ಲ ಅವರ ಮೂಲಕವೇ. ಮೆಟ್ಟಿಲು ಹತ್ತುವಾಗಲೇ ತಮ್ಮ ಮಲಯಾಳದಲ್ಲಿ ಅಕ್ಕ ಅಂತ ಕರೆದು ಆವತ್ತಿನ ರೇಟು ಕೂಗುತ್ತಿದ್ದರು. "ಚೇಚಿ, ಇನ್ನ್ ಎಂಬತ್ತೇಳು!" ಮತ್ತೊಂದು ವಾರ, "ಚೇಚಿ, ಎಂಬತ್ತೆಂಟು! ರೂಪಾಯಿ ಇಳಿದು ಇಳಿದು ತಳ ಮುಟ್ಟುತ್ತೆ ನೋಡಿ." ಪುಟ್ಟಮಾದು ಚೀಲ ತಂದ ವಾರ ತೊಂಬತ್ತು. ಎರಡು ಸಾವಿರದ ನಾನೂರು ಡಾಲರಿಗೆ ಎರಡು ಲಕ್ಷದ ಹದಿನಾರು ಸಾವಿರ. ನನ್ನ ಕಮಿಷನ್ ಹಾಳಾಗಲಿ, ಕೈಯಿಂದಲೇ ಆರು ಸಾವಿರ ಹಾಕಬೇಕು.

ಇನ್ನೂ ಹತ್ತು ಸಾವಿರ ಕೊಡಿ ಅಂತ ಆ ಚೀಲದ ಮುಂದೆ ಕೇಳಲು ನಾಲಿಗೆ ಏಳಲಿಲ್ಲ. ಕೈಯಿಂದ ಹಾಕಲು ಮನಸ್ಸೂ ಬರಲಿಲ್ಲ. ಕೋಯಾಕ್ಕನ ಅಂಗಡಿಯಲ್ಲೇ ಕೂತು ಕಂಪನಿಗೆ ಮೇಲ್ ಕಳಿಸಿದೆ, ಎರಡರ ಬದಲು ಒಂದೇ ಸಲ ಇಳಿಸಿದರೆ ಸಾಕು ಅಂತ. ನೂರೈವತ್ತು ಡಾಲರ್ ಉಳಿಯಿತು, ಅಂದರೆ ಹದಿಮೂರುವರೆ ಸಾವಿರ. ಕಮಿಷನ್ ಪೂರ್ತಿ ಬಂದು, ಮೇಲೆ ಎರಡು ಸಾವಿರದ ಏಳುನೂರು ನನಗೇ ಲಾಭ. ನೀರೊಳಗೆ ಒಂದು ಸಲ ಇಳಿದರೇನು, ಎರಡು ಸಲ ಇಳಿದರೇನು, ಅಷ್ಟು ವಯಸ್ಸಾದವರು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರಿಗೆ ಹೇಳಲಿಲ್ಲ.

ಮಾರನೆಯ ಬೆಳಗ್ಗೆ ಅಡುಗೆಮನೆಯ ತಾಮ್ರದ ಕೊಡದಲ್ಲಿ ನೀರು ಒಂದು ಬೆರಳು ಕೆಳಗಿತ್ತು. ಹಿಂದಿನ ಸಂಜೆ ಕಂಠದವರೆಗೆ ತುಂಬಿದ್ದೆ. ನನ್ನ ಗಂಡ ಸೋಮಶೇಖರ್ ಕುಡಿದಿರಬೇಕು ಅಂದುಕೊಂಡು ಮತ್ತೆ ತುಂಬಿದೆ. ಒಲೆಯ ಕಡೆ ತಿರುಗಿ ಹಾಲು ಇಳಿಸಿ ನೋಡಿದರೆ ಮತ್ತೆ ಒಂದು ಬೆರಳು ಕಡಿಮೆ. ಕೊಡದ ಕೆಳಗೆ ಹಳೆಯ ಪೇಪರ್ ಹಾಸಿ ನೋಡಿದೆ. ಪೇಪರ್ ಒಣಗಿಯೇ ಇತ್ತು.

"ಆವಿ ಆಗಿರ್ತದೆ ಕಣೆ," ಅಂದರು ಸೋಮಶೇಖರ್.

"ಡಿಸೆಂಬರಿನಲ್ಲಾ?"

"ಹಂಗಾದ್ರೆ ನಿನ್ನ ಬಾಯಿಗೆ ಹೆದರಿ ಇಳಿದಿರ್ತದೆ."

ಅವರು ತುಂಬಿಟ್ಟ ಚೊಂಬು ತುಂಬಿಯೇ ಇರುತ್ತಿತ್ತು. ನಾನು ತುಂಬಿದ್ದು ಮಾತ್ರ ಇಳಿಯುತ್ತಿತ್ತು. ಲಿಂಗಪೂಜೆಗೆ ಇಟ್ಟ ಗಿಂಡಿ, ಆಫೀಸಿನ ಬಾಟಲಿ, ಬಚ್ಚಲಿನ ಬಕೆಟ್, ಎಲ್ಲವೂ. ನೋಡುತ್ತಾ ಕೂತರೆ ಏನೂ ಆಗುತ್ತಿರಲಿಲ್ಲ. ಒಂದು ಬೆಳಗ್ಗೆ ಕೊಡದ ಮುಂದೆ ಸ್ಟೂಲು ಹಾಕಿಕೊಂಡು ಅರ್ಧ ಗಂಟೆ ಕಣ್ಣು ಕೀಳದೆ ಕೂತೆ. ಫೋನು ಬಂತು, ಯಾರು ಅಂತ ಒಮ್ಮೆ ತಿರುಗಿದೆ. ಅಷ್ಟರಲ್ಲಿ ಇಳಿದಿತ್ತು.

ಮುಂದಿನ ಗುರುವಾರ ಗುಂಡ್ಲುಪೇಟೆಯ ಹೋಟೆಲಿನಲ್ಲಿ ಕೋಯಾಕ್ಕ ಜಗ್ಗಿನಿಂದ ತಮ್ಮ ಲೋಟಕ್ಕೆ ನೀರು ಬಗ್ಗಿಸಿಕೊಂಡರು, ನಾನು ನನ್ನ ಲೋಟಕ್ಕೆ ಬಗ್ಗಿಸಿಕೊಂಡೆ. ಎರಡೂ ಕಂಠಪೂರ್ತಿ. ಊಟ ಬರುವವರೆಗೆ ಇಬ್ಬರೂ ರಸ್ತೆಯಲ್ಲಿ ಬಂಡೀಪುರದ ಕಡೆ ಹೋಗುತ್ತಿದ್ದ ಲಾರಿಗಳನ್ನು ನೋಡುತ್ತಿದ್ದೆವು. ತಿರುಗಿದಾಗ ಅವರ ಲೋಟ ಹಾಗೇ ಇತ್ತು.

"ಚೇಚಿ ಕುಡಿಚ್ಚೋ?" ಅಂತ ಕೇಳಿದರು.

"ಇಲ್ಲ."

ಅವರು ನನ್ನ ಲೋಟವನ್ನು ಎತ್ತಿ ತಳ ನೋಡಿದರು, ಮೇಜನ್ನು ಸವರಿದರು. ಮೇಜು ಒದ್ದೆಯಾಗಿರಲಿಲ್ಲ. ಆಮೇಲೆ ನನ್ನ ಕೈಯನ್ನು ನೋಡಿದರು, ತುಟಿಯನ್ನು ನೋಡಿದರು. ಊಟ ಮುಗಿಯುವವರೆಗೆ ಡಾಲರಿನ ಮಾತು ತೆಗೆಯಲಿಲ್ಲ. ಮರುದಿನದಿಂದ ರೇಟನ್ನು ಮೆಸೇಜಿನಲ್ಲಿ ಕಳಿಸತೊಡಗಿದರು. ಡಾಲರ್ ಹತ್ತು ಪೈಸೆ ಏರಿದ ದಿನ ನನ್ನ ಕೊಡ ಇನ್ನೊಂದು ಕೂದಲೆಳೆ ಇಳಿದಿರುತ್ತಿತ್ತು. ರೂಪಾಯಿ ಚೇತರಿಸಿಕೊಂಡ ದಿನ ನೀರು ಮಾತ್ರ ಮೇಲೆ ಬರಲಿಲ್ಲ.

ಪುಟ್ಟಮಾದು ಮತ್ತು ಭವ್ಯ ಡಿಸೆಂಬರ್ ಇಪ್ಪತ್ತಕ್ಕೆ ಹೊರಟರು, ಇಪ್ಪತ್ತೈದಕ್ಕೆ ಬಂದರು. ಇಪ್ಪತ್ತಾರರ ಮಧ್ಯಾಹ್ನ ನನ್ನ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಪುಟ್ಟಮಾದುವಿನ ಎರಡೂ ಕಿವಿಯಲ್ಲಿ ಹತ್ತಿ ಇತ್ತು. ಬೈಯಲು ಬಂದಿದ್ದಾರೆ ಅಂದುಕೊಂಡು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ.

"ಕೈ ಸಿಕ್ತು ಅಮ್ಮಾವ್ರೆ," ಅಂದರು.

ಬಂಡೆಯ ಅಡಿಯಲ್ಲಿ ಒಂದು ಪೊಟರೆ. ಅದರೊಳಗೆ ಕೈ ಹಾಕಿದಾಗ ಇನ್ನೊಂದು ಕೈ ಬಂದು ಇವರ ಬೆರಳು ಹಿಡಿದುಕೊಂಡಿತಂತೆ. ಕಿವಿಯೊಳಗೆ ಏನೋ ಹರಿದ ಹಾಗೆ ನೋವು, ಆದರೂ ಇವರು ಬಿಡಲಿಲ್ಲ. ರೂಢಿಯಂತೆ ಮನಸ್ಸಿನಲ್ಲೇ ಕರೆದರು. ಬಾ ಮಗ, ಮೇಕ್ಕೋಗಿ ಉಸ್ರು ತಕ್ಕಂಡು ಬತ್ತೀನಿ, ಆಮ್ಯಾಕೆ ಇಬ್ರೂ ಮನೆಗೋಗನ. ಆ ಕೈ ನಂಬಿ ಸಡಿಲವಾಯಿತು. ಇವರು ಮೇಲೆ ಬಂದರು. ದೋಣಿಯವರು ಅಷ್ಟೇ, ಮುಗಿಯಿತು ಅಂದರು. ಕಾಗದ ತೋರಿಸಿದರು, ಒಂದು ಸಲ ಅಂತಲೇ ಬರೆದಿತ್ತು.

"ಗೈಡ್ ಜೊತೆಯಲ್ಲೇ ಇದ್ರು ಮೇಡಂ," ಅಂದಳು ಭವ್ಯ ಮೆಲ್ಲಗೆ. "ಅಲ್ಲಿ ಬರೀ ಕಲ್ಲಿತ್ತು, ಏನೂ ಇರ್ಲಿಲ್ಲ ಅಂದ್ರು. ಹಾಗೇ ಬರ್ದೂ ಕೊಟ್ರು."

ಕಿವಿ ಕೇಳದ್ದಕ್ಕೆ ಅವಳ ತುಟಿಯ ಮೇಲೇ ಕಣ್ಣಿಟ್ಟಿದ್ದ ಪುಟ್ಟಮಾದುಗೆ ಮಾತು ತಿಳಿಯಿತು. "ಅರವತ್ಮೂರು ಎಣ ಎತ್ದೋನ್ಗೆ ಕೈ ಯಾವ್ದು ಕಲ್ಲು ಯಾವ್ದು ತಿಳಿಯಕಿಲ್ವಾ? ಕರೆದ್ಬುಟ್ಟಿವ್ನಿ ಅಮ್ಮಾವ್ರೆ. ಕರೆದು ತರ್ದೆ ಬುಟ್ರೆ ಅವ್ನು ಕಾಯ್ತಾ ಕುಂತಿರ್ತಾನೆ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಕೆಳಗಿರೋರ್ಗೆ ನಾ ಯಾವತ್ತೂ ಸುಳ್ಳು ಯೋಳ್ದೋನಲ್ಲ."

ಅವರು ಒಂದು ಸಲವೂ ನನ್ನನ್ನು ದೂರಲಿಲ್ಲ. ಕಂಪನಿಯವರು ಮೋಸ ಮಾಡಿದರು ಅಂತಲೇ ನಂಬಿದ್ದರು. ಮೇಜಿನ ಮೇಲಿದ್ದ ಕಾಗದವೊಂದನ್ನು ತಿರುಗಿಸಿ, ಮಾಡಿದ್ದು ನಾನು ಅಂತ ದೊಡ್ಡ ಅಕ್ಷರದಲ್ಲಿ ಬರೆದು ಇಬ್ಬರ ಮುಂದೆ ಇಟ್ಟೆ. ಭವ್ಯ ಓದಿ ದೊಡ್ಡಪ್ಪನ ಕಿವಿಯ ಹತ್ತಿರ ಕೂಗಿ ಹೇಳಿದಳು. ಅವಳ ಕಣ್ಣಲ್ಲಿದ್ದ ಅಸಹ್ಯವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ.

ಪುಟ್ಟಮಾದು ಸಿಟ್ಟಾಗಲಿಲ್ಲ. ನನ್ನ ಮೇಜಿನ ಮೇಲಿದ್ದ ಲೋಟದತ್ತ ಬಗ್ಗಿ ನೋಡಿದರು. "ಎಷ್ಟು ಇಳೀತದೆ?" ಅಂತ ಕೇಳಿದರು. ನಾನು ಯಾರಿಗೂ ಹೇಳಿರಲಿಲ್ಲ. ಒಂದು ಬೆರಳೆತ್ತಿ ತೋರಿಸಿದೆ.

"ಕೊಡ ಎಷ್ಟು ಬೆರಳು?"

ಮನೆಯಲ್ಲಿ ಅಳೆದಿದ್ದೆ. ಹದಿನಾರು ಅಂತ ಬರೆದೆ.

"ಒಂದ್ ವೀಸ," ಅಂದರು. "ಆವತ್ತೇ ಯೋಳಿದ್ನಲ್ಲ. ಅಣಕ್ಕೆ ಅದ್ನಾರು ವೀಸ. ನಮ್ ತಾತನ ಲೆಕ್ಕ."

ಆಗ ನನಗೆ ಹೊಳೆಯಿತು, ಜೂನ್ ತಿಂಗಳಲ್ಲಿ ನಾನು ಕೇಳಿಸಿಕೊಂಡದ್ದು ಪರದೇಶದ ವೀಸಾ, ಅವರು ಹೇಳಿದ್ದು ಹದಿನಾರನೆಯ ಒಂದು ಪಾಲಿನ ವೀಸ. ಎರಡು ಸಾವಿರದ ನಾನೂರರಲ್ಲಿ ನೂರೈವತ್ತು, ಹದಿನಾರರಲ್ಲಿ ಒಂದು. ಬಾಯಿಲೆಕ್ಕದಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ಹೆಮ್ಮೆಪಡುತ್ತಿದ್ದ ನನಗೆ ಇದು ಮೂರು ವಾರ ಹೊಳೆದಿರಲಿಲ್ಲ. ಕೂದಲೆಳೆಯಷ್ಟು ಇಳಿದದ್ದೆಲ್ಲ ಅದಾದ ಮೇಲೆ ಏರಿದ ಡಾಲರಿನ ಪಾಲು.

ಎರಡು ದಿನ ಬಿಟ್ಟು ಹದಿಮೂರುವರೆ ಸಾವಿರ ತೆಗೆದುಕೊಂಡು ಹರದನಹಳ್ಳಿಗೆ ಹೋದೆ. ಬೆಳಗ್ಗೆ ಹನ್ನೊಂದು ಗಂಟೆ, ಒಳ್ಳೆ ಬಿಸಿಲು. ಊರ ಹೊರಗಿನ ಮೆಟ್ಟಿಲುಬಾವಿಯ ಹತ್ತಿರ ಇಬ್ಬರೂ ಇದ್ದರು. ಮತ್ತೆ ಇಳಿದರೆ ಕಿವಿಯಿಂದ ತಲೆಗೇ ಏಟು ಅಂತ ಡಾಕ್ಟರು ಖಂಡಿತವಾಗಿ ಹೇಳಿದ್ದರಂತೆ. ಅಣ್ಣನನ್ನು ತರಲು ನಾನು ಇಳೀತೀನಿ ಅಂತ ಭವ್ಯ ಹಟ ಹಿಡಿದಿದ್ದಳು. ಒಡಹುಟ್ಟಿದವರು ಇಳಿಯುವಂತಿಲ್ಲ, ಕೆಳಗಿರುವವನು ಹಿಡಿದರೆ ಬಿಡುವುದಿಲ್ಲ ಅನ್ನುವುದು ಪುಟ್ಟಮಾದುವಿನ ವಾದ. ನಾನು ದುಡ್ಡು ಚಾಚಿದೆ. ಅವರು ಮುಟ್ಟಲಿಲ್ಲ.

"ಇದು ನಂದಲ್ಲ. ನೀರ್ ಮುಂದೆ ಆಡಿದ್ ಮಾತು, ನೀರ್ಗೇ ಯೋಳಿ. ಬಾವಿದಾದ್ರೂ ಸಮುದ್ರುದ್ದಾದ್ರೂ ನೀರು ಒಂದೇ. ಇಳ್ದು ಒಂದ್ಸಲ ಮುಳುಗಿ, ಒಂದ್ ವೀಸ ನನ್ ತಾವ ಅದೆ ಅಂದ್ಬುಟ್ಟು ಎದ್ ಬನ್ನಿ. ಎಂಗೆ ತೀರುಸ್ಬೇಕು ಅಂತ ಅದೇ ಯೋಳ್ತದೆ."

ನನಗೆ ಈಜು ಬಾರದು. ಆದರೂ ಒಪ್ಪಿದೆ. ನಂಜನಗೂಡಿನಲ್ಲಿ ಮೂಗು ಹಿಡಿದು ಮುಳುಗಿ ಏಳುವುದಿಲ್ಲವೇ, ಅಷ್ಟೇ ತಾನೆ, ಇಷ್ಟಕ್ಕೆ ಮುಗಿದರೆ ಸಾಕು ಅನ್ನಿಸಿತು. ಭವ್ಯ ನನ್ನ ಸೊಂಟಕ್ಕೆ ಹಗ್ಗ ಕಟ್ಟಿದಳು. ಬೇಕೆಂದೇ ಬಿಗಿಯಾಗಿ ಕಟ್ಟಿದಳು. ಪಾಚಿಯ ಮೆಟ್ಟಿಲು ಒಂದೊಂದೇ ಇಳಿದೆ. ನೀರು ಕತ್ತಿಗೆ ಬಂದಾಗ ಮೂಗು ಹಿಡಿದು ಕೂತುಬಿಟ್ಟೆ.

ಒಳಗೆ ಹಸಿರು ಬೆಳಕಿತ್ತು. ಮನಸ್ಸಿನಲ್ಲಿ ಹೇಳಬೇಕಾದ್ದನ್ನು ಹೇಳಿದೆ. ಏನೂ ಆಗಲಿಲ್ಲ. ಎದೆ ಬಿಗಿಯಿತು, ಏಳೋಣ ಅಂದುಕೊಂಡೆ. ಆಗ ನನ್ನ ಬಲಗಿವಿಯ ಪಕ್ಕದಲ್ಲೇ ಒಬ್ಬ ಹುಡುಗ ಮಾತಾಡಿದ. ನೀರಿನ ಗುಳುಗುಳು ಇಲ್ಲ, ದೂರದ ದನಿಯಲ್ಲ. ಮನೆಯ ಪಡಸಾಲೆಯಲ್ಲಿ ಪಕ್ಕ ಕೂತವರು ಕೇಳುವಷ್ಟು ಸಹಜವಾಗಿ, ಸ್ವಲ್ಪ ಬೇಸರದಲ್ಲಿ ಕೇಳಿದ.

"ದೊಡ್ಡಪ್ಪ ಬರ್ನಿಲ್ವಾ?"

ಉತ್ತರ ಹೇಳಲು ನಾನು ಬಾಯಿ ತೆರೆದೆ. ನೀರು ನುಗ್ಗಿತು. ಯಾವುದು ಮೇಲೆ ಯಾವುದು ಕೆಳಗೆ ತಿಳಿಯಲಿಲ್ಲ. ಭವ್ಯ ಹಗ್ಗ ಜಗ್ಗಿ ಎಳೆದು ಮೆಟ್ಟಿಲ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ನೀರು ಕಾರಿಕೊಂಡೆ. ಪುಟ್ಟಮಾದು ನನ್ನ ಮುಖದ ಹತ್ತಿರ ಬಗ್ಗಿ, ಬೇರೇನನ್ನೂ ವಿಚಾರಿಸದೆ, "ಏನಂದ?" ಅಂತ ಕೇಳಿದರು.

ಅವರಿಗೆ ಕೇಳಿಸಬೇಕಾದರೆ ಕೂಗಬೇಕು. "ದೊಡ್ಡಪ್ಪ ಬರ್ನಿಲ್ವಾ ಅಂದ!" ಅಂತ ಕೂಗಿದೆ. ಬಾವಿಯ ಗೋಡೆಗಳೆಲ್ಲ ಅದನ್ನೇ ಕೇಳಿದವು. ಭವ್ಯ ಹಗ್ಗವನ್ನು ಕೈಬಿಟ್ಟು ನೀರಿನತ್ತ ಬಗ್ಗಿದಳು.

ಪುಟ್ಟಮಾದು ಕೊನೆಯ ಮೆಟ್ಟಿಲವರೆಗೆ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ನೀರಲ್ಲಿ ಇಟ್ಟರು. ಅವರ ಗಲ್ಲದಿಂದ ಹನಿಗಳು ಬೀಳುತ್ತಿದ್ದವು.

"ದೊಡ್ಡಪ್ಪನ ಕಿವಿ ಓಯ್ತು ಕಣ್ಲಾ ಮಗ," ಅಂದರು ಗಟ್ಟಿಯಾಗಿ, ನೀರಿಗೆ ಕೇಳುವಂತೆ. "ನಾ ಇಳಿಯಂಗಿಲ್ಲ. ಈ ಅಮ್ಮಾವ್ರು ನಿನ್ ತಾವ್ಕೆ ಬತ್ತರೆ. ಉಸ್ರು ಕಟ್ಟದ ಕಲ್ಸಿ ನಾನೇ ಕಳಿಸ್ತೀನಿ. ವಸಿ ತಡ್ಕೊ."

ಭವ್ಯ ತಲೆಯೆತ್ತಿ ನನ್ನ ಮುಖ ನೋಡಿದಳು. ಇಲ್ಲ ಅನ್ನಲು ಆಗ ಸಮಯವಿತ್ತು. ನಾನು ಅನ್ನಲಿಲ್ಲ.